ಬೋರೆ ಮರದ ಬುಡದಲ್ಲಿ ಕೂತ ಅಜ್ಜಿ

“ಕೆಳಗೆ ಆಯ್ತಾ?” ಮರದ ಮೇಲಿಂದ ನನ್ನ ಬ್ರಿಟಿಷ್ ಯಜಮಾನರು ಕೂಗಿದರು. ಕುವೈತ್‌ನಲ್ಲಿ ಮರ ಸವರುವ, ಕಡಿಯುವ ಸಣ್ಣ ವ್ಯವಹಾರ ಅವರದು. ಅವರು ನನ್ನಿಂದ ಕಲಿತ ಕನ್ನಡ ಇಷ್ಟೇ. ಕೆಳಗೆ ಹಗ್ಗ ಹಿಡಿದ ನಾನು, ಬುಡದಲ್ಲಿ ಯಾರೂ ಇಲ್ಲವೆಂದು ನೋಡಿ “ಆಯ್ತು” ಎನ್ನದೆ ಅವರು ಗರಗಸದ ಮೆಷಿನ್ ಮುಟ್ಟುತ್ತಿರಲಿಲ್ಲ.

ಅಂದು ನಾನು ಬಾಯಿ ಬಿಡಲಿಲ್ಲ. ಆ ಮನೆಯ ಅಜ್ಜಿ ಕುರ್ಚಿ ತಂದು ಬೋರೆ ಮರದ ಬುಡದಲ್ಲೇ ಕೂತುಬಿಟ್ಟಿದ್ದರು.

“ಯಲ್ಲಾ, ಬೇಗ ಭಾಯಿ, ಆಯ್ತು ಅನ್ನು! ಮೆಷಿನ್ ಸದ್ದಿಗೆ ಅವಳೇ ಏಳ್ತಾಳೆ,” ಎಂದು ಮರ ಕಡಿಸಲು ಕರೆಸಿದ್ದ ಅಜ್ಜಿಯ ಮಗ ರೇಗಿದ. ನಾನು ಹಗ್ಗ ಬಿಗಿಹಿಡಿದೆ.

ಯಜಮಾನರು ಇಳಿದು ಬಂದರು. “ಇವನು ಹೇಳದೆ ನಾನು ಕಡಿಯಲ್ಲ” ಎಂದು ಇಂಗ್ಲಿಷಿನಲ್ಲಿ ಹೇಳಿದವರೇ ಸಾಮಾನು ಕಟ್ಟಿದರು.

ವರ್ಷಗಟ್ಟಲೆ ಅಲ್ಲಿ ಎಲ್ಲರಿಗೂ “ಆಯ್ತು” ಎನ್ನುತ್ತಲೇ ದುಡಿದೆ. ಹೇಳದೆ ಉಳಿಸಿಕೊಂಡ ಆ ಒಂದು “ಆಯ್ತು” ಮಾತ್ರ ಇಂದಿಗೂ ನನ್ನದು.