ಕೈಪಿಡಿ ಗುಮಾಸ್ತರು

ನಮ್ಮ ಕಚೇರಿಯ ಟಪಾಲು ಗುಮಾಸ್ತರಿಗೆ ನಾವಿಟ್ಟ ಹೆಸರು ಕೈಪಿಡಿ. ಅಂಗೈಯಗಲದ ಪುಸ್ತಕವೊಂದು ಜೇಬಿನಲ್ಲಿಲ್ಲದಿದ್ದರೆ ಅಂಗಿಯೇ ತೊಟ್ಟಿಲ್ಲವೆನ್ನುವಂತೆ ಮುದುಡುತ್ತಾರೆ. ಬಸ್ಸಿನ ಸಾಲಿನಲ್ಲಿ, ಕ್ಷೌರದ ಕುರ್ಚಿಯಲ್ಲಿ, ಸಾಹೇಬರು ಬೈಯುತ್ತಾ ಉಸಿರೆಳೆದುಕೊಳ್ಳುವಷ್ಟರಲ್ಲಿ ಕೂಡ ಅರ್ಧ ಪುಟ ಮುಗಿಸುತ್ತಾರೆ. ದಪ್ಪ ಪುಸ್ತಕ ಕೊಟ್ಟರೆ, “ಇದು ತಲೆ ಕೆಳಗಿಡೋಕೆ ಸರಿ ಕಣ್ರೀ, ತಲೆ ಒಳಗಿಡೋಕಲ್ಲ” ಎನ್ನುತ್ತಾರೆ. ಈಗ ಅವರ ಸಂಜೆಗಳೆಲ್ಲ ಆಸ್ಪತ್ರೆಯಲ್ಲಿ. ನಾಲ್ಕು ತಿಂಗಳಿಂದ ಕಣ್ಣು ತೆರೆಯದ ಹೆಂಡತಿಗೆ ನಗೆಬರಹ ಓದಿ ಹೇಳುತ್ತಾರೆ. ನಗಬೇಕಾದ ಕಡೆ ನಿಲ್ಲಿಸಿ ಕಾಯುತ್ತಾರೆ. “ಒಂದೇ ಕೈಯಲ್ಲಿ ಯಾಕಣ್ಣಾ ಸರ್ಕಸ್ಸು? ಎರಡೂ ಕೈಲಿ ಹಿಡ್ಕೊಂಡು ಓದಿ” ಎಂದು ನರ್ಸಮ್ಮ ರೇಗಿಸಿದರು. “ಇನ್ನೊಂದು ಕೈಲಿ ಅವಳ ಕೈ ಇದೆಯಲ್ಲಮ್ಮಾ. ಬೆರಳು ಅಲ್ಲಾಡಿಸಿದ್ರೆ ನಂಗೆ ಗೊತ್ತಾಗ್ಬೇಡ್ವಾ?” ಎಂದರು. ಆ ಬೆರಳು ಇನ್ನು ಅಲ್ಲಾಡುವುದಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಅವರು ಓದಿ ಮುಗಿಸಿದ ಪುಸ್ತಕಗಳು ಹದಿನೇಳು.