ನೂರಕ್ಕೆ ಇಪ್ಪತ್ತು ಕಳೆದ ಮದುವೆ

ನನ್ನ ಹೆಂಡತಿ ದೀಪಶ್ರೀ ಜೊತೆ ಹೋಟೆಲಿಗೆ ಹೋಗುವುದೆಂದರೆ ಅರ್ಧ ಊಟ, ಅರ್ಧ ಪಾಠ. ಮದ್ದೂರಿನ ಹೋಟೆಲೊಂದರಲ್ಲಿ ಬಿಲ್ಲು ನಾನೂರ ಇಪ್ಪತ್ತು ಬಂತು ಅಂದುಕೊಳ್ಳಿ. ಅದರಲ್ಲಿ ನೂರಕ್ಕೆ ಐದರಂತೆ ತೆರಿಗೆ ಸೇರಿರುತ್ತದೆ. ಹತ್ತನೇ ಒಂದು ಪಾಲು ಟಿಪ್ಸ್ ಇಡೋಣ ಎಂದು ನಾನು ನಲವತ್ತೆರಡು ಎಣಿಸುತ್ತಿದ್ದರೆ ಇವಳು ಕೈ ಹಿಡಿಯುತ್ತಾಳೆ. ಊಟ ನಾನೂರರದ್ದು, ಇಪ್ಪತ್ತು ಸರ್ಕಾರದ್ದು, ಸರ್ಕಾರ ಬಂದು ನಮಗೆ ಬಡಿಸಿತಾ ಎಂದು ಕೇಳುತ್ತಾಳೆ. ಲೆಕ್ಕಕ್ಕೆ ನಲವತ್ತು ಇಟ್ಟು, ಹುಡುಗ ನಗುನಗುತ್ತಾ ಬಡಿಸಿದ್ದರೆ ತಾನೇ ಇನ್ನೊಂದು ಹತ್ತು ಸೇರಿಸುತ್ತಾಳೆ. ಜಿಪುಣಿ ಅಲ್ಲ, ಲೆಕ್ಕ ತಪ್ಪಬಾರದು ಅಷ್ಟೇ. ತೆರಿಗೆ ಎಷ್ಟು ಅಂತ ನೋಡೋಕೆ ನಾನೂರ ಇಪ್ಪತ್ತರಲ್ಲಿ ನೂರಕ್ಕೆ ಐದು ತೆಗೆದರೆ ಇಪ್ಪತ್ತೊಂದು ಬರುತ್ತೆ, ಅದು ತಪ್ಪು, ತೆರಿಗೆ ಕೂಡಿದ್ದು ನಾನೂರರ ಮೇಲೆ ಎಂದು ನನ್ನ ದಪ್ಪ ತಲೆಗೆ ಇಳಿಯುವವರೆಗೂ ಹೇಳಿಕೊಟ್ಟವಳು ಇವಳೇ.

ನಮ್ಮದು ಮಂಡ್ಯದಲ್ಲಿ ಮದುವೆ ಅಡುಗೆಯ ಮನೆತನ. ಅಪ್ಪ ವರದರಾಜ ಐವತ್ತು ವರ್ಷ ಸೌಟು ಹಿಡಿದವರು. ಸಾರು ನನ್ನ ಉಸ್ತುವಾರಿ, ತಮ್ಮ ಮಧುಕರ ಬಡಿಸುವವರ ಮೇಸ್ತ್ರಿ. ಬಿ.ಕಾಂ. ಓದಿ ಸೊಸೆಯಾಗಿ ಬಂದ ದೀಪಶ್ರೀ ಖರೀದಿ, ಬಿಲ್ಲು ಎಲ್ಲ ನೋಡಿಕೊಳ್ಳುತ್ತಿದ್ದಳು. ಎಷ್ಟು ಎಲೆಗೆ ಬೇಯಿಸಬೇಕು ಎನ್ನುವುದನ್ನು ಮಾತ್ರ ಅಪ್ಪ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮದುವೆ ಮನೆಯವರು ಹೇಳಿದ್ದರ ಮೇಲೆ ನೂರಕ್ಕೆ ಇಪ್ಪತ್ತೈದು ಸೇರಿಸುವುದು ಅವರ ಪದ್ಧತಿ. ನಮ್ಮ ಕಡೆಯ ಮದುವೆ ಮನೆಯವರೋ, ಮರ್ಯಾದೆಗೆಂದು ಮೊದಲೇ ಸೇರಿಸಿ ಹೇಳಿರುತ್ತಾರೆ. ಹೋದ ವರ್ಷ ಕೊತ್ತತ್ತಿಯಲ್ಲಿ ಮಿಕ್ಕ ಅನ್ನವನ್ನು ದನಗಳೂ ಮೂಸಿ ಬಿಟ್ಟವು. ಕೊನೆಗೆ ಗುಂಡಿ ತೋಡಿಸಿ ಸುರಿದೆವು. ದೀಪಶ್ರೀ ಅಲ್ಲೇ ನಿಂತು ಅತ್ತಳು. ಮರುದಿನ ಅಪ್ಪನ ಮುಂದೆ ಬಂದು, ಇನ್ನು ಎಲೆ ಲೆಕ್ಕ ನನಗೆ ಬಿಡಿ ಮಾವ ಎಂದಳು.

ಅಪ್ಪ ಬಿಡಲಿಲ್ಲ. ಇವಳೂ ಬಿಡಲಿಲ್ಲ. ಆರು ತಿಂಗಳು ಹಟ ಹಿಡಿದ ಮೇಲೆ ಒಂದು ಮದುವೆ ಕೊಟ್ಟರು. ಗೆದ್ದರೆ ವ್ಯವಹಾರ ಪೂರ್ತಿ ನಿನ್ನದು, ಒಂದೇ ಒಂದು ಎಲೆ ಕಮ್ಮಿ ಬಿದ್ದರೂ ಮಧುಕರನದು, ಆಮೇಲೆ ನೀನು ಬಾಯಿ ತೆಗೆಯಬಾರದು ಅಂದರು. ಆಗಲಿ ಎಂದು ಇವಳು ಸೆರಗು ಸಿಕ್ಕಿಸಿದಳು.

ಮದುವೆ ಮಳವಳ್ಳಿಯ ಒಂದು ಛತ್ರದಲ್ಲಿ. ಬಂಡೂರಿನ ಹುಚ್ಚೀರಯ್ಯನವರ ಮೊಮ್ಮಗಳು ತೇಜುವಿನದು. ಹುಚ್ಚೀರಯ್ಯ ಸಾವಿರದ ಇನ್ನೂರು ಎಲೆ ಎಂದರು. ನಿಜವಾಗಿ ಎಷ್ಟು ಜನ ಎಂದು ಕೇಳಿದರೆ ಇಂಥವರು ಬಾಯಿ ಬಿಡುವುದಿಲ್ಲ ಎಂದು ಇವಳಿಗೆ ಗೊತ್ತು. ಅದಕ್ಕೇ, ಮೇಲೆ ಎಷ್ಟು ಸೇರಿಸಿದ್ದೀರಿ ಎಂದು ಕೇಳಿದಳು. ಧಾರಾಳದ ವಿಷಯ ಬಂದರೆ ಮುಚ್ಚಿಡುವವರುಂಟೇ? ನೂರಕ್ಕೆ ಇಪ್ಪತ್ತು ಎಂದು ಎದೆಯುಬ್ಬಿಸಿ ಹೇಳಿದರು. ಇವಳು ಸಾವಿರದ ಇನ್ನೂರರಲ್ಲಿ ನೂರಕ್ಕೆ ಇಪ್ಪತ್ತು ಕಳೆದು ಒಂಬೈನೂರ ಅರವತ್ತಕ್ಕೆ ಅಕ್ಕಿ ಅಳೆಸಿದಳು. ನಾನು ಹೆಮ್ಮೆಯಿಂದ ಒಲೆ ಹಚ್ಚಿದೆ.

ಮದುವೆಯ ದಿನ ಎರಡೂವರೆಯ ಹೊತ್ತಿಗೆ ಕೊಪ್ಪರಿಗೆಯ ತಳ ಕಾಣಿಸಿತು. ಮಧುಕರ ಓಡಿಬಂದು, ಇನ್ನೂ ಒಂದು ಪಂಕ್ತಿ ಇದೆ, ನಲವತ್ತು ಜನ, ಮನೆಯವರೇ ಎಂದ. ಅವನ ಹಿಂದೆಯೇ ಹುಡುಗಿಯ ಅಪ್ಪ ನಾಗೇಶ್ ವೀಳ್ಯದೆಲೆ ಕೇಳಿಕೊಂಡು ಬಂದರು. ದೀಪಶ್ರೀ ಅವರನ್ನೇ ಹಿಡಿದು, ನಿಜವಾಗಿ ಎಷ್ಟು ಜನ ಎಂದು ಕೇಳಿದಳು. ಮನೆ ಮನೆಗೂ ಫೋನು ಮಾಡಿ ಎಣಿಸಿದ್ದು ಸಾವಿರ, ಅಪ್ಪಯ್ಯಂಗೂ ಸಾವಿರ ಅಂತಲೇ ಹೇಳಿದ್ದೆ ಎಂದರು ಅವರು.

ಇವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು. "ಸಾವಿರದ ಮೇಲೆ ನೂರಕ್ಕೆ ಇಪ್ಪತ್ತು ಸೇರಿಸಿದ್ರೆ ಇನ್ನೂರು ರೀ. ಸಾವಿರದ ಇನ್ನೂರಲ್ಲಿ ನೂರಕ್ಕೆ ಇಪ್ಪತ್ತು ತೆಗೆದ್ರೆ ಇನ್ನೂರ ನಲವತ್ತು. ನಾನು ನಲವತ್ತು ಜನರನ್ನ ಜಾಸ್ತಿ ತೆಗೆದುಬಿಟ್ಟೆ."

ಬಿಲ್ಲಿನಲ್ಲಿ ಎಂದೂ ಮಾಡದ ತಪ್ಪನ್ನು ಎಲೆಯಲ್ಲಿ ಮಾಡಿದ್ದಳು. ನ್ಯಾಯವಾಗಿ ನೋಡಿದರೆ ಇದೇನು ಮಹಾ ತಪ್ಪು? ಸಾವಿರಕ್ಕೆ ನಲವತ್ತು, ಅಂದರೆ ನೂರಕ್ಕೆ ನಾಲ್ಕು. ಅಪ್ಪ ಆಗಿದ್ದರೆ ಸಾವಿರದ ಇನ್ನೂರರ ಮೇಲೆ ನೂರಕ್ಕೆ ಇಪ್ಪತ್ತೈದು ಹೇರಿ ಸಾವಿರದ ಐನೂರಕ್ಕೆ ಬೇಯಿಸುತ್ತಿದ್ದರು, ನೂರಕ್ಕೆ ಐವತ್ತು ತಪ್ಪು. ಆದರೆ ಮದುವೆ ಮನೆಯಲ್ಲಿ ಮಿಕ್ಕಿದ್ದಕ್ಕೆ ಯಾರೂ ಬಯ್ಯುವುದಿಲ್ಲ. ಕಮ್ಮಿ ಬಿದ್ದದ್ದನ್ನು ಹತ್ತು ವರ್ಷ ಹೇಳಿಕೊಂಡು ತಿರುಗುತ್ತಾರೆ.

ಅಪ್ಪ ಮೂಲೆಯ ಕುರ್ಚಿಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಎದ್ದು ಬಂದು ಮೆಲ್ಲಗೆ, ಸಾರಿಗೆ ಎರಡು ಕೊಡ ಬಿಸಿನೀರು ಬಿಡು, ಇರುವ ಅನ್ನವನ್ನೇ ತೆಳ್ಳಗೆ ಬಡಿಸೋಣ, ಮನೆಯವರು ತಾನೇ, ಯಾರಿಗೂ ಗೊತ್ತಾಗಲ್ಲ ಎಂದರು. ಆಮೇಲೆ ಇನ್ನೂ ಮೆಲ್ಲಗೆ, "ನಾನೂ ಇದನ್ನ ಲೆಕ್ಕಕ್ಕೆ ಹಿಡಿಯಲ್ಲ" ಎಂದರು. ಅಪ್ಪನಿಗೆ ಸೊಸೆ ಸೋಲುವುದು ಬೇಕಿರಲಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ನಾನು ಕೊಡಕ್ಕೆ ಕೈ ಹಾಕಿದೆ.

"ಕೊಡ ಕೆಳಗಿಡಿ" ಎಂದಳು ದೀಪಶ್ರೀ. ಹೊಸದಾಗಿ ಅಕ್ಕಿ ಹಾಕಿಸಿ, ಶಾವಿಗೆ ಹುರಿಯಲು ಹೇಳಿ, ಕೈ ಒರೆಸಿಕೊಂಡು ನೆಟ್ಟಗೆ ಹುಚ್ಚೀರಯ್ಯನವರ ಮುಂದೆ ಹೋಗಿ ನಿಂತಳು. ಬೀಗರು, ನೆಂಟರು ಎಲ್ಲ ಸುತ್ತ ಕೂತಿದ್ದರು. ಒಬ್ಬರ ಮುಂದೆಯೂ ದನಿ ತಗ್ಗಿಸಲಿಲ್ಲ. ನಲವತ್ತು ಎಲೆ ಕಮ್ಮಿ ಬಿದ್ದಿದೆ, ತಪ್ಪು ನನ್ನದು, ಅರ್ಧ ಗಂಟೆ ಕೊಟ್ಟರೆ ಬಿಸಿ ಅನ್ನ, ಹೊಸ ಸಾರು, ಪಾಯಸ ಬಡಿಸುತ್ತೇನೆ, ಅದರ ಖರ್ಚು ನಮ್ಮದು ಎಂದಳು.

ಹುಚ್ಚೀರಯ್ಯ ಅವಳನ್ನು ದಿಟ್ಟಿಸಿ ನೋಡಿದರು.

"ನೀರು ಉಯ್ದು ಬಡಿಸಿದ್ರೂ ಉಣ್ಕೊಂಡು ಓಯ್ತಿದ್ವಿ ಕಣವ್ವ. ನೀನು ಬಂದು ಏಳ್ದೆ. ಅಡ್ಗೆಯೋರು ಇಂಗೆ ಮುಂದೆ ನಿಂತು ಏಳಿದ್ದ ನಾನು ಕಂಡಿಲ್ಲ. ಕೂತಿರ್ತೀವಿ ಬುಡು, ನಿಧಾನ್ಕೆ ಮಾಡು."

ಮನೆಯವರೆಲ್ಲ ಹರಟೆ ಹೊಡೆಯುತ್ತಾ ಕಾದರು. ಹಬೆಯಾಡುವ ಅನ್ನದ ಮೇಲೆ ನಾನೇ ಸಾರು ಬಿಟ್ಟೆ. ಮದುಮಗಳು ತೇಜು ಎರಡು ಸಲ ಪಾಯಸ ಹಾಕಿಸಿಕೊಂಡಳು.

ಪಾತ್ರೆ ವ್ಯಾನಿಗೆ ತುಂಬುವಾಗ ದೀಪಶ್ರೀ ಅಪ್ಪನ ಹತ್ತಿರ ಬಂದಳು. ಒಂದಲ್ಲ, ನಲವತ್ತು ಎಲೆ ಕಮ್ಮಿ ಬಿತ್ತು ಮಾವ, ಮಾತು ಮಾತೇ, ಇನ್ನು ಮಧುಕರ ನೋಡಿಕೊಳ್ಳಲಿ ಎಂದಳು. ಕಣ್ಣು ತುಂಬಿತ್ತು, ಕತ್ತು ಮಾತ್ರ ಬಗ್ಗಿರಲಿಲ್ಲ. ಆ ಹೊತ್ತು ಅವಳ ಮೇಲೆ ನನಗೆ ಉಕ್ಕಿಬಂದ ಪ್ರೀತಿ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ.

ಅಪ್ಪ ಕೈಯಲ್ಲಿದ್ದ ಸೌಟನ್ನು ವ್ಯಾನಿನೊಳಗಿಟ್ಟರು. "ಕಮ್ಮಿ ಬಿದ್ದುಬಿಟ್ಟರೆ ಏನು ಗತಿ ಅಂತ ಐವತ್ತು ವರ್ಷ ಹೆದರಿಕೊಂಡೇ ಬೇಯಿಸಿದೆ ಕಣಮ್ಮ" ಎಂದರು. "ಕಮ್ಮಿ ಬಿದ್ದಾಗ ಏನು ಮಾಡಬೇಕು ಅಂತ ಇವತ್ತು ನೋಡಿದೆ."

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಬೆಳಕವಾಡಿಯಿಂದ ಯಾರೋ, ಮುಂದಿನ ತಿಂಗಳ ಮದುವೆಗೆ. ಅಪ್ಪ ಎರಡು ಮಾತು ಕೇಳಿ, ಒಂದು ನಿಮಿಷ ಇರಿ, ಎಲೆ ಲೆಕ್ಕ ನೋಡೋರಿಗೆ ಕೊಡ್ತೀನಿ ಎಂದು ಫೋನನ್ನು ಸೊಸೆಯ ಕೈಗಿಟ್ಟು ವ್ಯಾನು ಹತ್ತಿದರು.