ಜಂಡೀರಾಳ ಜೊತೆ ಖಸಬ್‌ಗೆ

ಬೆಳಿಗ್ಗೆ ಅಲ್ ಮಬೇಲಾದ ನನ್ನ ಬಿಡಾರದಿಂದ ಹೊರಟೆವು. ಹಿಂದಿನ ಸೀಟಿನಲ್ಲಿ ಮೈಕು, ರೆಕಾರ್ಡರ್. ಪಕ್ಕದಲ್ಲಿ ಗಿಟಾರನ್ನು ಮಡಿಲಲ್ಲಿಟ್ಟುಕೊಂಡ ಜಂಡೀರಾ. ನಾನು ಮಸ್ಕತ್ತಿನ ಹೋಟೆಲೊಂದರಲ್ಲಿ ಸೌಂಡ್ ನೋಡಿಕೊಳ್ಳುವವನು. ಅವಳು ಅಲ್ಲಿ ಹಾಡಲು ಬ್ರೆಜಿಲ್‌ನಿಂದ ಬಂದವಳು.

ಬರ್ಕಾದಲ್ಲಿ ಚಹಾ ಕುಡಿಯುತ್ತ ತನ್ನ ಕಥೆ ಹೇಳಿದಳು. ಹುಡುಗಿಯಾಗಿದ್ದಾಗ ಊರಿನ ದೋಣಿಕಟ್ಟೆಯಲ್ಲಿ ಹಾಡತೊಡಗಿದ್ದು, ಆಮೇಲೆ ತಾನೇ ಬರೆದು ರಾಗ ಹಾಕಿದ ಎರಡು ಆಲ್ಬಂ. ಅವುಗಳಲ್ಲಿನ ಒಂದು ಹಾಡನ್ನು ಬೇರೊಬ್ಬಳು ಹಾಡಿ ಹೆಸರು ಮಾಡಿದಳು. ಜನಕ್ಕೆ ಹಾಡು ಗೊತ್ತು, ಬರೆದವಳು ಗೊತ್ತಿಲ್ಲ. ಮುಂದೆ ಪ್ರವಾಸಿ ಹಡಗು, ದುಬೈ, ಮಸ್ಕತ್. ಈಗ ಅವಳೂರಿನ ಸಂಗೀತೋತ್ಸವದವರು ಆಯ್ಕೆಗೆಂದು, ಹೊಸ ಸ್ವಂತ ಹಾಡನ್ನು ಜನರೆದುರು ಹಾಡಿದ ರೆಕಾರ್ಡಿಂಗ್ ಕಳಿಸಲು ಹೇಳಿದ್ದರು. ನಮ್ಮ ಹೋಟೆಲಿನ ಮ್ಯಾನೇಜರಿಗೋ ಎಲ್ಲರಿಗೂ ಗೊತ್ತಿರುವ ಹಾಡೇ ಆಗಬೇಕು. ಅದಕ್ಕೇ ಒಮಾನಿನ ಉತ್ತರ ತುದಿಯ ಖಸಬ್‌ಗೆ ಹೊರಟಿದ್ದೆವು, ಅಲ್ಲಿನ ಪ್ರವಾಸಿ ದೋಣಿಯಲ್ಲಿ ಹಾಡಿ ರೆಕಾರ್ಡ್ ಮಾಡಲು.

"ಇದೂ ಕೈತಪ್ಪಿದರೆ ಹಾಡು ಬರೆಯುವುದು ಬಿಟ್ಟು ಮಕ್ಕಳಿಗೆ ಗಿಟಾರ್ ಕಲಿಸುತ್ತೇನೆ" ಎಂದಳು. ನಾನು ಇನ್ನೊಂದು ಚಹಾ ತರಿಸಿದೆ.

ಶಿನಾಸ್‌ನಿಂದ ಫೆರಿ ಹಿಡಿದು ಖಸಬ್ ಮುಟ್ಟಿದೆವು. ಎತ್ತ ನೋಡಿದರೂ ಹುಲ್ಲುಕಡ್ಡಿಯಿಲ್ಲದ ಬೆಟ್ಟ, ಅದರ ಬುಡಕ್ಕೇ ಹಸಿರು ನೀರು. ಸೆಖೆ ವಿಪರೀತವಿತ್ತು.

ಮರುದಿನ ಪ್ರವಾಸಿಗರ ಮರದ ದೋಣಿ ಹತ್ತಿದೆವು. ಊಟ ಸೇರಿ ತಲೆಗೆ ಹದಿನೈದು ರಿಯಾಲ್. ಅಡುಗೆಯವರು ಉಳ್ಳಾಲದ ಹಮೀದಾಕ, ನನಗೆ ಹಳೆಯ ಪರಿಚಯ. "ಹಾಡ್ಲಿಕ್ಕೆ ಹೇಳಿ ಮಾರಾಯ್ರೆ, ಕ್ಯಾಪ್ಟನ್ ಹತ್ರ ನಾನು ಮಾತಾಡಿದ್ದೇನೆ" ಎಂದರು.

ನಾನು ಮೈಕು ಇಟ್ಟೆ, ಜಂಡೀರಾ ಹೊಸ ಹಾಡು ಶುರುಮಾಡಿದಳು. ಇಪ್ಪತ್ತು ಮಂದಿ ದಿಂಬಿಗೊರಗಿ ಕೇಳುತ್ತಿದ್ದರು. ಎರಡನೇ ಚರಣಕ್ಕೆ ಬಂದಳೋ ಇಲ್ಲವೋ, ಕ್ಯಾಪ್ಟನ್ ಕೈತಟ್ಟಿ ಶಿಳ್ಳೆ ಹೊಡೆದ. ಇಲ್ಲಿ ಡಾಲ್ಫಿನ್ ಕರೆಯುವುದೇ ಹಾಗೆ. ಎಲ್ಲರೂ ದೋಣಿಯಂಚಿಗೆ ಓಡಿ ಚಪ್ಪಾಳೆ, ಶಿಳ್ಳೆ, ಕೇಕೆ. ಅವಳ ಪಾಲಿಗೆ ಉಳಿದದ್ದು ಬರೀ ಬೆನ್ನುಗಳು. ಅವಳು ಮಾತ್ರ ಕೊನೆಯ ಸಾಲಿನವರೆಗೂ ಹಾಡಿದಳು.

ಲಂಗರು ಹಾಕಿದಾಗ ರೆಕಾರ್ಡಿಂಗ್ ಕೇಳಿದೆವು. ಸಭೆಯೇ ಎದ್ದು ನಿಂತು ಮೆಚ್ಚಿದ ಹಾಗೆ ಕೇಳಿಸುತ್ತಿತ್ತು!

"ಚಪ್ಪಾಳೆ ತೆಗೆಯಲಾಗುತ್ತದೆಯೇ?" ಎಂದು ಜಂಡೀರಾ ಕೇಳಿದಳು.

"ಇಲ್ಲ, ದನಿಯ ಜೊತೆ ಬೆರೆತುಹೋಗಿದೆ."

ಮೀನು ಬಡಿಸುತ್ತಿದ್ದ ಹಮೀದಾಕ ವಿಷಯ ಕೇಳಿ, "ಹಾಗೇ ಕಳಿಸ್ಲಿಕ್ಕೆ ಹೇಳಿ. ಡಾಲ್ಫಿನ್ ಬ್ರೆಜಿಲಿಗೆ ಹೋಗಿ ಸಾಕ್ಷಿ ಹೇಳ್ತದಾ?" ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ದಡಕ್ಕೆ ಬಂದು ನೆಟ್‌ವರ್ಕ್ ಸಿಕ್ಕ ಕೂಡಲೇ ಹಾಡು ಕಳಿಸಿದಳು. ಕೆಳಗೆ ಒಂದು ಸಾಲು ಬರೆದಿದ್ದಳು: ಚಪ್ಪಾಳೆ ನನಗಲ್ಲ, ಡಾಲ್ಫಿನ್‌ಗಳಿಗೆ. ಕೈಯಾರೆ ಕೆಲಸ ಕೆಡಿಸಿಕೊಂಡಳಲ್ಲ ಎಂದು ನನಗೆ ಸಿಟ್ಟೇ ಬಂತು.

ವಾಪಸು ಫೆರಿ ಹೊರಟಾಗಲೂ ಉತ್ಸವದವರಿಂದ ಉತ್ತರ ಬಂದಿರಲಿಲ್ಲ. ಖಸಬ್‌ನ ಬೆಟ್ಟಗಳು ಸಣ್ಣವಾಗುತ್ತಿದ್ದವು. ಅಂಚಿನ ಕಂಬಿ ಹಿಡಿದು ಅವಳು ಅದೇ ಹಾಡನ್ನು ಮೆಲ್ಲಗೆ ಹಾಡಿಕೊಂಡಳು. ಮುಗಿದಾಗ ನಾನು ಕೈತಟ್ಟಿದೆ. ಅವಳು ತಟ್ಟನೆ ಬಗ್ಗಿ ನೀರು ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಮತ್ತೆ ನನ್ನತ್ತ ತಿರುಗಿ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದಳು.